ಕಾಲೇಜು ಊರಿಗೆ ಬಂದಾಗ

ಬೇಸಿಗೆಯ ರಜೆ ಆರಂಭವಾದ ಮೇಲೆ ಗೋರಂಟ್ಲ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಸೀಮೆಯ ಹಳ್ಳಿಗಳಿಗೆ ಪದವಿ ತರಗತಿಯ ವಿದ್ಯಾರ್ಥಿಗಳು ಕೈಯಲ್ಲೊಂದು ಹಾಳೆ ಹಿಡಿದು ಬರುವುದುಂಟು. ಮನೆಯಲ್ಲಿ ಎಷ್ಟು ಮಂದಿ, ಕುಡಿಯುವ ನೀರು ಎಲ್ಲಿಂದ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಹೊಲದಲ್ಲಿ ಏನು ಬಿತ್ತಿದ್ದೀರಿ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಕೆಲವರು ಇದನ್ನು ಜನಗಣತಿ ಎಂದು ತಿಳಿಯುತ್ತಾರೆ. ಇನ್ನು ಕೆಲವರು ಪಡಿತರ ಚೀಟಿಗೆ ಎಲ್ಲಿ ಕುತ್ತು ಬಂದೀತೋ ಎಂದು ಅರ್ಧ ಉತ್ತರ ಕೊಟ್ಟು ಒಳಗೆ ಸರಿಯುತ್ತಾರೆ. ಆದರೆ ಆ ಹಾಳೆ ಜನಗಣತಿಯದಲ್ಲ, ಪಡಿತರದ ತನಿಖೆಯದೂ ಅಲ್ಲ. ಅದು ಆ ವಿದ್ಯಾರ್ಥಿಯ ಪಠ್ಯಕ್ರಮದ ಒಂದು ಭಾಗ.

ಆಂಧ್ರ ಪ್ರದೇಶ ರಾಜ್ಯ ಉನ್ನತ ಶಿಕ್ಷಣ ಮಂಡಳಿಯು 2020-21ರಲ್ಲಿ ಪದವಿ ಪಠ್ಯಕ್ರಮವನ್ನು ಪರಿಷ್ಕರಿಸಿದಾಗ ಸಮುದಾಯ ಸೇವಾ ಪ್ರಾಜೆಕ್ಟ್ ಎಂಬುದನ್ನು ಕಡ್ಡಾಯಗೊಳಿಸಿತು. ಎರಡನೆಯ ಸೆಮಿಸ್ಟರ್ ಮುಗಿದ ಮೇಲೆ ಬರುವ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಕನಿಷ್ಠ 180 ಗಂಟೆಗಳನ್ನು ಒಂದು ಹಳ್ಳಿ ಅಥವಾ ವಾರ್ಡಿನ ಜನರ ನಡುವೆ ಕಳೆಯಬೇಕು. ಅದಕ್ಕೆ 4 ಕ್ರೆಡಿಟ್‌ಗಳ ಬೆಲೆಯುಂಟು. ಕೆಲಸದ ಕ್ರಮವನ್ನೂ ಮಾರ್ಗಸೂಚಿಯೇ ಹೇಳುತ್ತದೆ: ಒಂದು ವಾರ ಪ್ರಾಥಮಿಕ ಸಮೀಕ್ಷೆ, ಎರಡು ವಾರ ಜಾಗೃತಿ ಕಾರ್ಯ, ಮೂರು ವಾರ ಊರಿನವರೊಡನೆ ಕೂಡಿ ಮಾಡುವ ಕೆಲಸ, ಕೊನೆಯ ವಾರ ವರದಿ. ಪ್ರತಿದಿನದ ಕೆಲಸವನ್ನು ದಿನಚರಿಯಲ್ಲಿ ಬರೆದಿಡಬೇಕು. ಆ ದಿನಚರಿಗೆ ಸಹಿ ಹಾಕುವವರು, ದಾರಿ ತೋರಿಸುವವರು, ಕಡೆಗೆ ಗ್ರೇಡ್ ಕೊಡುವವರು ಒಬ್ಬ ಅಧ್ಯಾಪಕರು. ಮಾರ್ಗಸೂಚಿಯ ಭಾಷೆಯಲ್ಲಿ ಅವರು ಮೆಂಟರ್.

ಈ ಲೇಖನ ಆ ಅಧ್ಯಾಪಕರನ್ನು ಕುರಿತದ್ದು. ವಿಶ್ವವಿದ್ಯಾಲಯ ಮತ್ತು ಊರಿನ ನಡುವೆ ಸೇತುವೆಯಾಗಿ ನಿಲ್ಲುವವರು ಕುಲಪತಿಗಳಲ್ಲ, ಸುತ್ತೋಲೆಗಳಲ್ಲ. ತರಗತಿಯ ಪಾಠ ಮುಗಿಸಿ, ಮಕ್ಕಳನ್ನು ಕರೆದುಕೊಂಡು ಬಸ್ಸು ಹತ್ತುವ ಈ ಅಧ್ಯಾಪಕರು. ಕನ್ನಡ ಮಾಧ್ಯಮದಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮಗೆ ಅವರ ಕೆಲಸದಲ್ಲಿ ಒಂದು ವಿಶೇಷ ಪಾಲುಂಟು. ಅದನ್ನು ನಾವಿನ್ನೂ ಸರಿಯಾಗಿ ಕೇಳಿ ಪಡೆದಿಲ್ಲ.

ಬಳ್ಳಾರಿಯ ಸಂಸದರೊಬ್ಬರು ಇಟ್ಟ ಹೆಜ್ಜೆ

ವಿದ್ಯಾರ್ಥಿಗಳನ್ನು ಸೇವೆಗೆ ಕಳುಹಿಸುವ ಕ್ರಮ 2020ರಲ್ಲಿ ಹುಟ್ಟಿದ್ದಲ್ಲ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಶಿಕ್ಷಣ ಆಯೋಗವು ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ವಿದ್ಯಾರ್ಥಿಗಳು ಯಾವುದಾದರೊಂದು ಸಮಾಜಸೇವೆಯಲ್ಲಿ ತೊಡಗಬೇಕೆಂದು ಶಿಫಾರಸು ಮಾಡಿತ್ತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ನಾವು ದಿನನಿತ್ಯ ಎನ್.ಎಸ್.ಎಸ್. ಎಂದು ಕರೆಯುವ ಯೋಜನೆ, ದೇಶದ 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಅದನ್ನು ಉದ್ಘಾಟಿಸಿದವರು ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್.

ಈ ಹೆಸರನ್ನು ನಮ್ಮ ಸೀಮೆಯವರು ನೆನಪಿನಲ್ಲಿಡಲು ಒಂದು ಕಾರಣವಿದೆ. ಅರ್ಥಶಾಸ್ತ್ರಜ್ಞರಾದ ರಾವ್ ಅವರು 1967ರಲ್ಲಿಯೂ 1971ರಲ್ಲಿಯೂ ಲೋಕಸಭೆಗೆ ಆಯ್ಕೆಯಾದದ್ದು ನಮ್ಮ ನೆರೆಯ ಬಳ್ಳಾರಿ ಕ್ಷೇತ್ರದಿಂದ. ಅನಂತಪುರ ಜಿಲ್ಲೆಯೂ 1882ರವರೆಗೆ ಬಳ್ಳಾರಿ ಜಿಲ್ಲೆಯ ಅಂಗವೇ ಆಗಿತ್ತು. 1953ರಲ್ಲಿ ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿಯ ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಉಳಿದವು ಮೈಸೂರಿಗೆ ಹೋದವು. ಗಡಿಯ ಗೆರೆ ಹೀಗೆ ಎಳೆಯಲ್ಪಟ್ಟಿತು. ಮನೆಯೊಳಗಿನ ಮಾತು ಮಾತ್ರ ಗೆರೆಯನ್ನು ನೋಡಿ ಬದಲಾಗಲಿಲ್ಲ. ಗೆರೆಯ ಆಚೆ ನಿಂತ ಸಂಸದರು ಸಚಿವರಾಗಿ ಆರಂಭಿಸಿದ ಯೋಜನೆಯ ಶಿಬಿರಗಳು ಗೆರೆಯ ಈಚೆಗೂ ಬರುತ್ತಿವೆ.

ಎನ್.ಎಸ್.ಎಸ್.ನ ಲಾಂಛನ ಕೋಣಾರ್ಕದ ಸೂರ್ಯದೇವಾಲಯದ ರಥಚಕ್ರ. ‘ನಾನಲ್ಲ, ನೀನು’ ಎಂಬ ಅರ್ಥದ ಮಾತು ಅದರ ಧ್ಯೇಯವಾಕ್ಯ. ಸೇರಿದ ವಿದ್ಯಾರ್ಥಿಯು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಏಳು ದಿನಗಳ ವಿಶೇಷ ಶಿಬಿರದಲ್ಲಿ ಊರಿನಲ್ಲಿಯೇ ತಂಗಬೇಕು. ಸಾಮಾನ್ಯವಾಗಿ ನೂರು ವಿದ್ಯಾರ್ಥಿಗಳಿಗೆ ಒಂದು ಘಟಕ, ಘಟಕಕ್ಕೆ ಒಬ್ಬ ಕಾರ್ಯಕ್ರಮಾಧಿಕಾರಿ. ಆ ಅಧಿಕಾರಿ ಹೊರಗಿನಿಂದ ಬಂದವರಲ್ಲ, ಅದೇ ಕಾಲೇಜಿನಲ್ಲಿ ಇತಿಹಾಸವನ್ನೋ ರಸಾಯನಶಾಸ್ತ್ರವನ್ನೋ ಕಲಿಸುವ ಅಧ್ಯಾಪಕರು. ವಿಶ್ವವಿದ್ಯಾಲಯದ ಮಟ್ಟದಲ್ಲಿ ಎಲ್ಲ ಘಟಕಗಳನ್ನೂ ಕೂಡಿಸಿ ನಡೆಸುವವರು ಒಬ್ಬ ಸಂಯೋಜಕರು. 1981ರಲ್ಲಿ ಸ್ಥಾಪನೆಯಾದ ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯವು ನಮ್ಮ ಭಾಗದ ಪದವಿ ಕಾಲೇಜುಗಳಿಗೆ ಈ ಅರ್ಥದಲ್ಲಿ ಕೇಂದ್ರಸ್ಥಾನ.

ದಿನಕ್ಕೆ ಅರವತ್ತನಾಲ್ಕು ರೂಪಾಯಿ

ಕಾರ್ಯಕ್ರಮಾಧಿಕಾರಿಯ ಕಷ್ಟವನ್ನು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಬಹುಕಾಲದವರೆಗೆ ವಿಶೇಷ ಶಿಬಿರಕ್ಕೆ ಒಬ್ಬ ವಿದ್ಯಾರ್ಥಿಗೆ ನಿಗದಿಯಾಗಿದ್ದ ಮೊತ್ತ 450 ರೂಪಾಯಿ. ಏಳು ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 64 ರೂಪಾಯಿ. ಆ ಹಣದಲ್ಲಿಯೇ ಬೆಳಗಿನ ತಿಂಡಿ, ಎರಡು ಹೊತ್ತಿನ ಊಟ, ಪ್ರಯಾಣ, ಗುದ್ದಲಿ ಬುಟ್ಟಿ, ಔಷಧದ ಪೆಟ್ಟಿಗೆ ಎಲ್ಲವೂ ಆಗಬೇಕು. ಐವತ್ತು ಮಕ್ಕಳ ಶಿಬಿರಕ್ಕೆ ಒಟ್ಟು 22,500 ರೂಪಾಯಿ. ಸಾಲದಿದ್ದುದನ್ನು ಊರಿನವರ ಅಕ್ಕಿಬೇಳೆಯಿಂದಲೋ ತಮ್ಮ ಜೇಬಿನಿಂದಲೋ ತುಂಬಿಕೊಳ್ಳುವುದು ಅಧ್ಯಾಪಕರ ಪಾಲಿಗೆ ಬರುತ್ತದೆ. ಕೈಖರ್ಚಿಗೆಂದು ಅವರಿಗೆ ಸಿಗುವ ಭತ್ಯೆ ಅಲ್ಪ. ಪಾಠದ ಹೊರೆ ಇಳಿಯುವುದಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳೂ ಕಾಯುವುದಿಲ್ಲ.

ಹಣಕ್ಕಿಂತ ದೊಡ್ಡ ಭಾರ ಹೊಣೆಯದು. ಹದಿನೆಂಟು ಹತ್ತೊಂಬತ್ತು ವರ್ಷದ ಐವತ್ತು ಮಕ್ಕಳನ್ನು ಏಳು ರಾತ್ರಿ ಒಂದು ಶಾಲೆಯ ಕೋಣೆಗಳಲ್ಲಿ ಮಲಗಿಸಿ, ಅವರಿಗೆ ಹಾವು ಚೇಳು ಕಚ್ಚದಂತೆ, ಜ್ವರ ಬಾರದಂತೆ, ಊರಿನವರ ಮನಸ್ಸು ಕೆಡದಂತೆ ಕಾಯುವುದು ಸಾಮಾನ್ಯದ ಕೆಲಸವಲ್ಲ. ಶಿಬಿರಕ್ಕೂ ಮುಂಚೆ ಅವರು ಊರಿನ ಹಿರಿಯರನ್ನು ಕಾಣಬೇಕು, ಶಾಲೆಯ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆಯಬೇಕು, ಯಾವ ಕೆಲಸ ಊರಿಗೆ ನಿಜವಾಗಿ ಬೇಕು ಎಂದು ವಿಚಾರಿಸಬೇಕು. ಶಿಬಿರ ಮುಗಿದ ಮೇಲೆ ಲೆಕ್ಕಪತ್ರ ಸಲ್ಲಿಸಬೇಕು. ಇಷ್ಟೆಲ್ಲ ಕಲಿತು ಕೈ ಪಳಗುವ ಹೊತ್ತಿಗೆ ಅವರ ಅವಧಿಯೂ ಮುಗಿದಿರುತ್ತದೆ, ಏಕೆಂದರೆ ಕಾರ್ಯಕ್ರಮಾಧಿಕಾರಿಯ ಹುದ್ದೆಯ ಅವಧಿ ಮೂರು ವರ್ಷ. ವಿಸ್ತರಣೆ ಸಿಕ್ಕರೂ ಒಂದೇ ವರ್ಷ. ಊರಿನ ಪರಿಚಯವಾದವರು ಹೋಗಿ ಹೊಸಬರು ಬರುತ್ತಾರೆ. ದತ್ತು ಪಡೆದ ಹಳ್ಳಿ ಮತ್ತೆ ಮೊದಲಿನಿಂದ ತನ್ನ ಕಥೆ ಹೇಳಬೇಕಾಗುತ್ತದೆ.

ಹೊರದೇಶಗಳಲ್ಲಿಯೂ ಇಂಥ ಕ್ರಮವುಂಟು. ಮೆಕ್ಸಿಕೋ ದೇಶದಲ್ಲಿ ಪದವಿ ಪಡೆಯುವ ಮೊದಲು ವಿದ್ಯಾರ್ಥಿಗಳು ಕನಿಷ್ಠ 480 ಗಂಟೆ ಸಮಾಜಸೇವೆ ಮಾಡಲೇಬೇಕು. ವೈದ್ಯವಿದ್ಯಾರ್ಥಿಗಳು ದೂರದ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡುತ್ತಾರೆ. ಗಂಟೆಗಳ ಲೆಕ್ಕ ಎಲ್ಲಿಯೂ ಸುಲಭ. ಆ ಗಂಟೆಗಳು ಊರಿಗೆ ಸಂದವೋ ಪ್ರಮಾಣಪತ್ರಕ್ಕೆ ಸಂದವೋ ಎಂಬುದನ್ನು ನಿರ್ಧರಿಸುವುದು ಮಾತ್ರ ಜೊತೆಯಲ್ಲಿ ನಿಂತ ಅಧ್ಯಾಪಕರ ಶ್ರದ್ಧೆ.

ನದಿಯ ಮೇಲ್ದಂಡೆಯ ಒಂದು ಮಾದರಿ

ಗೋರಂಟ್ಲದ ಬಳಿ ಹರಿಯುವ ಚಿತ್ರಾವತಿ ಕರ್ನಾಟಕದ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಹುಟ್ಟಿ, ಬಾಗೇಪಲ್ಲಿಯನ್ನು ಹಾದು ನಮ್ಮಲ್ಲಿಗೆ ಬರುತ್ತದೆ. ಹಿಂದೂಪುರದ ಪೆನ್ನಾ ನದಿ ಗೌರಿಬಿದನೂರಿನ ಕಡೆಯಿಂದ ಬರುತ್ತದೆ. ಈ ಎರಡು ಮೇಲ್ದಂಡೆಯ ಊರುಗಳಲ್ಲಿಯೂ ಕಾಲೇಜು ನೆಲೆಗೊಳ್ಳಲು ಕಾರಣರಾದವರು ಒಬ್ಬರೇ: ಡಾ. ಎಚ್. ನರಸಿಂಹಯ್ಯ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಅವರು ಓದುವ ಹಂಬಲದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಭೌತಶಾಸ್ತ್ರದ ಅಧ್ಯಾಪಕರಾದರು, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು ಮರಳಿದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಇಷ್ಟಾದರೂ ಅವರು ವಾಸಿಸಿದ್ದು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ. ತಾವು ನಡೆದ ದಾರಿಯನ್ನು ಹಳ್ಳಿಯ ಮಕ್ಕಳು ಮತ್ತೆ ನಡೆಯಬೇಕಾಗಬಾರದೆಂಬಂತೆ ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ನ್ಯಾಷನಲ್ ಕಾಲೇಜುಗಳನ್ನು ತೆರೆಯಿಸಿದರು.

ಬಾಗೇಪಲ್ಲಿಯೂ ಗೋರಂಟ್ಲವೂ ಒಂದೇ ನದಿಯ ಊರುಗಳು. ಅಲ್ಲಿ ಕನ್ನಡ ರಾಜ್ಯದೊಳಗೆ ತೆಲುಗು ಮನೆಮಾತಿನ ಮಕ್ಕಳು. ಇಲ್ಲಿ ತೆಲುಗು ರಾಜ್ಯದೊಳಗೆ ಕನ್ನಡ ಮನೆಮಾತಿನ ಮಕ್ಕಳು. ಎರಡೂ ಕಡೆಯವರು ಎರಡು ಭಾಷೆಗಳ ನಡುವೆ ಬೆಳೆಯುತ್ತಾರೆ. ಅಧ್ಯಾಪಕರು ಊರನ್ನು ತಿಳಿದವರಾದರೆ ಕಾಲೇಜು ಊರಿನದಾಗುತ್ತದೆ ಎಂಬುದನ್ನು ನರಸಿಂಹಯ್ಯನವರ ಬದುಕು ತೋರಿಸಿತು.

ನಮ್ಮ ದಂಡೆಯಲ್ಲಿಯೂ ಮಾದರಿಗಳಿಲ್ಲದೆ ಇಲ್ಲ. ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ 2000ದಿಂದ ನವರಾತ್ರಿಯ ದಿನಗಳಲ್ಲಿ ಗ್ರಾಮಸೇವೆ ನಡೆಯುತ್ತಿದೆ. ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ ಆಹಾರವನ್ನು ಸಿದ್ಧಪಡಿಸಿ, ಪೊಟ್ಟಣ ಕಟ್ಟಿ, ಸುತ್ತಲಿನ ಹಳ್ಳಿಗಳ ಮನೆಬಾಗಿಲಿಗೆ ಒಯ್ಯುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಅಧ್ಯಾಪಕರು ದೂರ ನಿಂತು ಅಪ್ಪಣೆ ಕೊಡುವವರಲ್ಲ, ಜೊತೆಯಲ್ಲಿ ಹೊರುವವರು ಎಂಬುದು.

‘ಪಾಲು ಎಷ್ಟು?’ ಎಂದು ಕೇಳಿದರೆ

ಈಗ ನಮ್ಮ ಪ್ರಶ್ನೆಗೆ ಬರೋಣ. ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೇ ತರುವ ನಿರ್ಧಾರವನ್ನು ರಾಜ್ಯ ಸರ್ಕಾರ 2021ರಲ್ಲಿ ಪ್ರಕಟಿಸಿತು. ಆದ್ದರಿಂದ ಸಮೀಕ್ಷೆಯ ಹಾಳೆ ಅಚ್ಚಾಗುವುದು ಇಂಗ್ಲಿಷಿನಲ್ಲಿ, ಅದನ್ನು ವಿದ್ಯಾರ್ಥಿ ಬಾಯಲ್ಲಿ ಕೇಳುವುದು ಹೆಚ್ಚಾಗಿ ತೆಲುಗಿನಲ್ಲಿ. ಉತ್ತರಿಸುವ ಅಜ್ಜಿ ಅಗಳಿಯವರೋ ರೊಳ್ಳದವರೋ ಅಮರಾಪುರದವರೋ ಆಗಿದ್ದರೆ ಅವರು ಯೋಚಿಸುವುದು ಕನ್ನಡದಲ್ಲಿ. ಒಂದು ಉತ್ತರ ಮೂರು ಭಾಷೆಗಳನ್ನು ದಾಟಿ ಹಾಳೆಗೆ ಇಳಿಯುತ್ತದೆ.

ನಮ್ಮವರಿಗೆ ತೆಲುಗು ಬಾರದೆಂದಲ್ಲ. ಸಂತೆಗೂ ಕಚೇರಿಗೂ ಬೇಕಾದಷ್ಟು ತೆಲುಗು ಎಲ್ಲರಿಗೂ ಬರುತ್ತದೆ. ತೊಡಕು ಇರುವುದು ಎರಡೂ ಭಾಷೆಗಳಲ್ಲಿ ಒಂದೇ ಬಗೆಯಾಗಿ ಕೇಳಿಸಿ ಬೇರೆ ಅರ್ಥ ಕೊಡುವ ಮಾತುಗಳಲ್ಲಿ. ತೆಲುಗಿನಲ್ಲಿ ‘ಪಾಲು’ ಎಂದರೆ ಹಾಲು. ಕನ್ನಡದಲ್ಲಿ ಅದು ಆಸ್ತಿಯ ಭಾಗ. ಮನೆಯಲ್ಲಿ ಪಾಲು ಎಷ್ಟು ಎಂದು ಎಮ್ಮೆಯ ಹಾಲನ್ನು ಕುರಿತು ಕೇಳಿದರೆ, ಮಕ್ಕಳು ಬೇರೆಯಾದ ಮನೆಯ ಅಜ್ಜಿ ಹೊಲದ ಹಂಚಿಕೆಯನ್ನು ನೆನೆದು ಕಣ್ಣು ತುಂಬಿಕೊಂಡಾರು. ತೆಲುಗಿನಲ್ಲಿ ‘ತಿಂಡಿ’ ಎಂದರೆ ಒಟ್ಟು ಆಹಾರ, ಕನ್ನಡದಲ್ಲಿ ಉಪಾಹಾರ. ದಿನಕ್ಕೆ ಎಷ್ಟು ಸಲ ತಿಂಡಿ ಎಂಬ ಪ್ರಶ್ನೆಗೆ ಕನ್ನಡದ ತಾಯಿ ‘ಒಂದೇ ಸಲ’ ಎಂದರೆ, ಆ ಮನೆ ಹಸಿದ ಮನೆಯೆಂದು ಹಾಳೆಯಲ್ಲಿ ದಾಖಲಾದೀತು. ‘ಆವು’ ತೆಲುಗಿನಲ್ಲಿ ಹಸು. ಹಕಾರವನ್ನು ಬಿಟ್ಟು ಆಡುವ ನಮ್ಮ ಹಳ್ಳಿಯ ಬಾಯಲ್ಲಿ ಅದೇ ಹಾವು. ಮನೆಯಲ್ಲಿ ಆವು ಇದೆಯೇ ಎಂದು ಕೇಳಿದರೆ ಮಕ್ಕಳು ಬೆಚ್ಚುವುದೂ ನ್ಯಾಯವೇ.

ನಗುವಿಗೆ ಇಷ್ಟು ಸಾಕು. ಆದರೆ ಈ ಹಾಳೆಗಳ ಆಧಾರದ ಮೇಲೆಯೇ ವಿದ್ಯಾರ್ಥಿಯ ವರದಿ ಸಿದ್ಧವಾಗುತ್ತದೆ, ಊರಿಗೆ ಯಾವ ಕೆಲಸ ಬೇಕೆಂಬುದು ತೀರ್ಮಾನವಾಗುತ್ತದೆ. ಕೆರೆಯ ವಿಷಯವನ್ನೇ ನೋಡಿ. ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ನಮ್ಮ ಸೀಮೆಯಲ್ಲಿ ಕೆರೆಯೇ ಜೀವ. ವಿಜಯನಗರದ ಕಾಲದವರು ಚಿತ್ರಾವತಿಯ ನೀರನ್ನು ಬುಕ್ಕಪಟ್ಟಣದಲ್ಲಿ ಕೆರೆಯಾಗಿ ಕಟ್ಟಿ ನಿಲ್ಲಿಸಿದರು. ಕೆರೆಯನ್ನು ವಿವರಿಸಲು ನಮ್ಮ ಹಿರಿಯರಿಗೆ ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳಿವೆ. ತೆಲುಗಿನವರಿಗೆ ಅವೇ ಕಟ್ಟ, ತೂಮು, ಅಲುಗು, ಆಯಕಟ್ಟು. ಯಾವ ಹಳ್ಳದ ನೀರು ಯಾವ ಕಾಲುವೆಯಿಂದ ಕೆರೆಗೆ ಬರುತ್ತಿತ್ತು, ಆ ಕಾಲುವೆ ಎಲ್ಲಿ ಮುಚ್ಚಿತು, ಬಳ್ಳಾರಿ ಜಾಲಿ ಎಂದಿನಿಂದ ಕೆರೆಯಂಗಳವನ್ನು ಆವರಿಸಿತು ಎಂಬುದು ನೀರಗಂಟಿಯಾಗಿ ದುಡಿದ ಮುದುಕರ ನೆನಪಿನಲ್ಲಿದೆ. ಆ ನೆನಪು ಕನ್ನಡದಲ್ಲಿದೆ. ಕೇಳುವವರಿಗೆ ಕನ್ನಡ ಬಾರದಿದ್ದರೆ ಶಿಬಿರದ ಮಕ್ಕಳು ಬಸ್ ನಿಲ್ದಾಣವನ್ನು ಗುಡಿಸಿ, ನಾಲ್ಕು ಸಸಿ ನೆಟ್ಟು, ಭಾವಚಿತ್ರ ತೆಗೆಸಿಕೊಂಡು ಹೋಗುತ್ತಾರೆ. ಕೇಳಿ ತಿಳಿದುಕೊಂಡರೆ ಅದೇ ಏಳು ದಿನಗಳಲ್ಲಿ ಮುಚ್ಚಿದ ಕಾಲುವೆಯ ಒಂದು ಭಾಗವನ್ನಾದರೂ ತೆರೆಯಬಹುದು.

ಇಲ್ಲಿಯೇ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಯ ಬೆಲೆ ಇರುವುದು. ತರಗತಿಯಲ್ಲಿ ಇಂಗ್ಲಿಷ್ ಪಾಠದ ಮುಂದೆ ಹಿಂಜರಿದು ಕೊನೆಯ ಬೆಂಚಿನಲ್ಲಿ ಕುಳಿತ ಹುಡುಗಿ ಹಳ್ಳಿಯ ಜಗಲಿಯ ಮೇಲೆ ತಂಡಕ್ಕೆಲ್ಲ ಮುಂದಾಳಾಗಬಲ್ಲಳು. ಅಜ್ಜಿಯ ಮಾತನ್ನು ಕೇಳಿಸಿಕೊಳ್ಳುವವಳು ಅವಳೇ, ತಪ್ಪಾಗಿ ಬರೆದದ್ದನ್ನು ತಿದ್ದುವವಳೂ ಅವಳೇ. ಇದನ್ನು ಗುರುತಿಸಿ ಅವಳನ್ನು ಮುಂದೆ ನಿಲ್ಲಿಸುವ ಅಧ್ಯಾಪಕರಿದ್ದರೆ, ಇಷ್ಟು ವರ್ಷ ಕೊರತೆಯೆಂದು ಅವಳು ನಂಬಿದ್ದ ಭಾಷೆ ಒಂದೇ ವಾರದಲ್ಲಿ ಅರ್ಹತೆಯಾಗಿ ಬದಲಾಗುತ್ತದೆ. ಗುರುತಿಸುವವರಿಲ್ಲದಿದ್ದರೆ ಅವಳು ಅಲ್ಲಿಯೂ ಹಿಂದೆಯೇ ನಿಲ್ಲುತ್ತಾಳೆ.

ಪಾಲಕರು ಏನು ಮಾಡಬಹುದು

ಮೊದಲನೆಯದಾಗಿ, ಈ ಪ್ರಾಜೆಕ್ಟನ್ನು ಮಕ್ಕಳು ತಮ್ಮ ಊರಿನಲ್ಲಿಯೇ ಮಾಡಬಹುದು. ಮನೆಯಿಂದ ಹೋಗಿ ಸಂಜೆಗೆ ಮರಳಲು ಅನುಕೂಲವಾದ ಹಳ್ಳಿಯನ್ನು ಆರಿಸಿಕೊಳ್ಳಲು ಮಾರ್ಗಸೂಚಿಯಲ್ಲಿ ಅವಕಾಶವಿದೆ. ಕನ್ನಡ ಮನೆಗಳಿರುವ ಊರನ್ನು ಆರಿಸಿಕೊಳ್ಳುವಂತೆ ಮಕ್ಕಳಿಗೆ ಹೇಳೋಣ. ಅಂಗಡಿಯಲ್ಲಿ ಸಿದ್ಧ ವರದಿ ಕೊಂಡು ಹೆಸರು ಬದಲಿಸಿ ಒಪ್ಪಿಸುವ ಅಡ್ಡದಾರಿಗೆ ಮಾತ್ರ ಹಣ ಕೊಡದಿರೋಣ. ಹಾಗೆ ಪಡೆದ 4 ಕ್ರೆಡಿಟ್‌ಗಳು ಅಂಕಪಟ್ಟಿಯಲ್ಲಿ ಉಳಿದಾವು, ಮಗುವಿನಲ್ಲಿ ಉಳಿಯವು.

ಎರಡನೆಯದಾಗಿ, ಮೆಂಟರ್ ಅಧ್ಯಾಪಕರನ್ನೂ ಕಾರ್ಯಕ್ರಮಾಧಿಕಾರಿಯನ್ನೂ ಕಂಡು ಸಮೀಕ್ಷೆಯ ಹಾಳೆಯಲ್ಲಿ ಕನ್ನಡ ಪ್ರಶ್ನೆಗಳಿರಲಿ ಎಂದು ಕೇಳೋಣ. ಒಂದೆರಡು ಪುಟಗಳ ಹಾಳೆಯನ್ನು ಕನ್ನಡಕ್ಕೆ ತರಲು ನಮ್ಮ ಕನ್ನಡ ಶಾಲೆಯ ಶಿಕ್ಷಕರೊಬ್ಬರ ಒಂದು ಸಂಜೆ ಸಾಕು. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ. ಕೇಳುವ ಮನಸ್ಸು ನಮಗಿರಬೇಕು, ಕೊಡುವ ಮನಸ್ಸು ಅವರಿಗಿರಬೇಕು. ಕನ್ನಡ ಹಾಳೆಯನ್ನು ಮುಂದಿನ ವರ್ಷದ ತಂಡಕ್ಕೂ ಜೋಪಾನವಾಗಿ ಇಟ್ಟರೆ, ಅಧಿಕಾರಿ ಬದಲಾದರೂ ಅದು ಬದಲಾಗದೆ ಉಳಿದೀತು.

ಮೂರನೆಯದಾಗಿ, ಮನೆಗೆ ಬಂದ ವಿದ್ಯಾರ್ಥಿಗೆ ನಿಜ ಹೇಳೋಣ. ಸಮೀಕ್ಷೆಗೆ ಆಧಾರ್ ಸಂಖ್ಯೆಯಾಗಲಿ ಬ್ಯಾಂಕ್ ಖಾತೆಯ ವಿವರವಾಗಲಿ ಕೊಡಬೇಕಾಗಿಲ್ಲ. ಗುರುತಿನ ಚೀಟಿ ತೋರಿಸೆಂದು ಕೇಳುವುದೂ ತಪ್ಪಲ್ಲ. ಆದರೆ ನೀರಿನ ಕಷ್ಟ, ಶಾಲೆ ಬಿಟ್ಟ ಮಗು, ಮದ್ದಿಲ್ಲದೆ ಮಲಗಿದ ಹಿರಿಯರ ವಿಷಯ ಮುಚ್ಚಿಟ್ಟರೆ ವರದಿಯಲ್ಲಿ ನಮ್ಮ ಊರು ಕೊರತೆಯಿಲ್ಲದ ಊರಾಗಿಬಿಡುತ್ತದೆ. ವರದಿ ಸಿದ್ಧವಾದ ಮೇಲೆ ಅದರ ಸಾರವನ್ನು ಊರಿನವರ ಮುಂದೆ ಕನ್ನಡದಲ್ಲಿ ಓದಿ ಹೇಳುವಂತೆಯೂ ಕೇಳೋಣ. ನಮ್ಮನ್ನು ಕುರಿತು ಬರೆದದ್ದನ್ನು ನಾವು ಕೇಳುವುದು ನ್ಯಾಯ.

ನಾಲ್ಕನೆಯದಾಗಿ, ಹೆಣ್ಣುಮಕ್ಕಳನ್ನು ಶಿಬಿರಕ್ಕೆ ಕಳುಹಿಸಲು ಹಿಂಜರಿಯುವ ಮನೆಗಳು ಹಲವು. ಹಿಂಜರಿಕೆಗೆ ಕಾರಣವಿಲ್ಲದೆ ಇಲ್ಲ. ಬೇಡವೆಂದು ಬಾಗಿಲು ಮುಚ್ಚುವ ಬದಲು, ಜೊತೆಯಲ್ಲಿ ಯಾವ ಅಧ್ಯಾಪಕಿ ಇರುತ್ತಾರೆ, ರಾತ್ರಿ ಎಲ್ಲಿ ತಂಗುತ್ತಾರೆ, ಶೌಚಾಲಯವಿದೆಯೇ, ಆಸ್ಪತ್ರೆ ಎಷ್ಟು ದೂರ ಎಂದು ನೇರವಾಗಿ ಕೇಳೋಣ. ಒಳ್ಳೆಯ ಅಧಿಕಾರಿ ಇಂಥ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಶಿಬಿರವು ನಮ್ಮ ಊರಿಗೇ ಬಂದರೆ ಒಂದು ಹೊತ್ತಿನ ಮುದ್ದೆ ಸಾರನ್ನು ನಾವೇ ಬಡಿಸೋಣ. ದಿನಕ್ಕೆ 64 ರೂಪಾಯಿಯ ಲೆಕ್ಕ ನೆನಪಿರಲಿ.

ಕೊನೆಯದಾಗಿ ಒಂದು ಮಾತು. ನಮ್ಮ ಸಂವಿಧಾನದ 350ನೆಯ ವಿಧಿಯು ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಗಳಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಮರ್ಪಕ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಹೀಗೆ ಕಾಪಾಡಿದ ಕನ್ನಡ, ಮಗು ಪದವಿಗೆ ಬರುವ ಹೊತ್ತಿಗೆ ಪುಸ್ತಕದಿಂದ ಮರೆಯಾಗುತ್ತದೆ. ಆದರೆ ಊರಿನ ಸೇವೆ ಎಂಬ ಈ ಒಂದು ವಿಷಯದಲ್ಲಿ ಅದಕ್ಕೆ ಮತ್ತೆ ಕೆಲಸ ಸಿಗುತ್ತದೆ. ಕನ್ನಡ ಶಾಲೆಯ ಫಲವೇನು ಎಂದು ಕೇಳುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಅನಂತಪುರದ ವಿಶ್ವವಿದ್ಯಾಲಯ ಹೊತ್ತಿರುವುದು ಕೃಷ್ಣದೇವರಾಯನ ಹೆಸರನ್ನು. ಅವನು ತೆಲುಗಿನಲ್ಲಿ ಕಾವ್ಯ ಬರೆದ ಅರಸು. ಕನ್ನಡರಾಜ್ಯರಮಾರಮಣ ಎಂಬ ಬಿರುದನ್ನೂ ಧರಿಸಿದ ಅರಸು. ಎರಡು ಭಾಷೆಗಳ ಆ ಹೆಸರಿನಡಿ ನಡೆಯುವ ಕಾಲೇಜುಗಳಿಂದ ಎರಡು ಭಾಷೆಗಳ ಒಂದು ಸಮೀಕ್ಷೆಯ ಹಾಳೆಯನ್ನು ಕೇಳುವುದು ಹೆಚ್ಚಿನ ಬೇಡಿಕೆಯೇನಲ್ಲ. ಮುಂದಿನ ಬೇಸಿಗೆಯಲ್ಲಿ ವಿದ್ಯಾರ್ಥಿ ಬಾಗಿಲು ತಟ್ಟಿದಾಗ ಕುಳಿತುಕೊಳ್ಳಲು ಚಾಪೆ ಹಾಸಿ, ನೀರು ಕೊಟ್ಟು, ಮೊದಲು ನಾವೇ ಒಂದು ಪ್ರಶ್ನೆ ಕೇಳೋಣ: ನಿಮ್ಮ ಅಧ್ಯಾಪಕರು ಯಾರು, ಅವರನ್ನು ಒಮ್ಮೆ ನಮ್ಮ ಊರಿಗೆ ಕರೆತರುವಿರಾ?